ಕೊಟ್ಟಿಗೆಹಾರದಲ್ಲಿ ಮುಗಿಯದ ಫಾಕ್‌ಲ್ಯಾಂಡ್ ಯುದ್ಧ

ಎಂಬತ್ತೆರಡನೇ ಇಸವಿಯ ಫಾಕ್‌ಲ್ಯಾಂಡ್ ಯುದ್ಧ ಜೂನ್ ತಿಂಗಳ ನಡುವಿನಲ್ಲಿ ಮುಗಿಯಿತೆಂದು ಜಗತ್ತೆಲ್ಲ ನಂಬಿದೆ. ಜಗತ್ತಿನ ಮಟ್ಟಿಗೆ ಅದು ಸರಿಯೇ. ಕೊಟ್ಟಿಗೆಹಾರದ ಮಟ್ಟಿಗೆ ಮಾತ್ರ ಅದು ಆಗಸ್ಟ್‌ವರೆಗೂ ನಡೆಯಿತು. ನಡೆಸಿದವರು ಕೊಡೆ ರಿಪೇರಿಯ ಸರ್ದಾರ್ ಸಾಬರು.

ಸಾಬರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಪೊಲೀಸರು ಬರುವವರಿದ್ದಾರೆ. ಚಾರ್ಮಾಡಿಗೂ ಕಳಸಕ್ಕೂ ದಾರಿ ಒಡೆಯುವ ಕಡೆ ಅವರದೊಂದು ತಗಡಿನ ಅಂಗಡಿ. ಕೊಡೆ, ಸ್ಟವ್, ಟಾರ್ಚು, ಇವಿಷ್ಟರ ಕಾಯಿಲೆಗೆ ಅವರೇ ಡಾಕ್ಟರು. ಮಳೆಗಾಲದಲ್ಲಿ ಊರಿನ ಅರ್ಧ ಮರ್ಯಾದೆ ಅವರ ಕೈಯಲ್ಲೇ ಇರುತ್ತಿತ್ತು. ಆದರೆ ಅವರ ಹೆಂಡತಿ ರೌಶನ್ ಬೀ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕೊಡೆ ಉಳಿಯುತ್ತಿತ್ತೇ ಹೊರತು ಜನ ಉಳಿಯುತ್ತಿರಲಿಲ್ಲ. ಆಕೆ ಇದ್ದಾಗ ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದಳು. ಕೊಡೆ ಕೊಡಲು ಬಂದವರು ಕೂತು ತಮ್ಮ ಮನೆಯ ಜಗಳವನ್ನೆಲ್ಲ ಆಕೆಗೆ ಒಪ್ಪಿಸಿ ಹೋಗುತ್ತಿದ್ದರು. ಈಗ ಬಾಗಿಲಲ್ಲೇ ನಿಂತು ಕೊಡೆ ಚಾಚಿ, "ನಾಳೆ ಬರ್ತೇನೆ ಸಾಬ್ರೇ" ಎಂದು ಹೊರಟುಬಿಡುತ್ತಿದ್ದರು. ಕೆಲವು ದಿನ ಸಾಬರ ಕಿವಿಗೆ ಬಿದ್ದ ಒಟ್ಟು ಮಾತು ಅಷ್ಟೇ. ಮಗಳು ತಾಹಿರಾ ಆಲ್ದೂರಿಗೆ ಸೊಸೆಯಾಗಿ ಹೋಗಿದ್ದಳು. ಹಬ್ಬಕ್ಕೆ ಬರುತ್ತಿದ್ದಳು, ಹಬ್ಬ ಮುಗಿದರೆ ಹೋಗುತ್ತಿದ್ದಳು.

ಅಳಿಯ ಒಂದು ಹಬ್ಬಕ್ಕೆ ಬ್ಯಾಟರಿ ರೇಡಿಯೊ ಕೊಡಿಸಿದ್ದ. ಸಾಬರು ಬೆಳಿಗ್ಗೆ ಎದ್ದು ಲಂಡನ್ನಿನಿಂದ ಬರುವ ಬಿಬಿಸಿಯ ಉರ್ದು ಸುದ್ದಿ ಕೇಳುತ್ತಿದ್ದರು. ಸಾಬರ ಮನೆಮಾತೂ ಉರ್ದುವೇ. ಆದರೆ ಅದು ಸಂತೆಗೆ ಹೋಗಿ ಬರುವಷ್ಟು ಉರ್ದು. ಲಂಡನ್ನಿನದು ಶೇರ್ವಾನಿ ತೊಟ್ಟ ಉರ್ದು. ಹಾಗಾಗಿ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಸಾಬರು ತಮ್ಮ ಕಡೆಯಿಂದ ಹಾಕಿಕೊಳ್ಳುತ್ತಿದ್ದರು.

ಏಪ್ರಿಲ್‌ನಲ್ಲಿ ಒಂದು ಸಂಜೆ ಚೌಡಯ್ಯನವರು ಹಿಡಿ ಮುರಿದ ಕೊಡೆ ತಂದರು. ಚೌಡಯ್ಯನವರು ಬಿಳಿ ದೊರೆಗಳ ಕಾಲದಿಂದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ರಿಟೈರ್ ಆದವರು. ದೊರೆ ಹೋಗಿದ್ದರೂ ದೊರೆಯ ಹ್ಯಾಟು ಅವರ ತಲೆಯ ಮೇಲೇ ಇತ್ತು. ಅವರು ಕೊಡೆ ಚಾಚಿ "ನಾಳೆ" ಎನ್ನುವಷ್ಟರಲ್ಲಿ ಸಾಬರ ಬಾಯಿಂದ ಹೇಗೋ ಬಂತು:

"ನಿಮ್ಮ ದೊರೆಗಳ ಒಂದು ದ್ವೀಪ ಯಾರೋ ಹೊಡ್ಕೊಂಡ್ರಂತಲ್ಲ."

ಚೌಡಯ್ಯನವರ ಕಾಲು ಹೊಸ್ತಿಲ ಮೇಲೇ ನಿಂತಿತು. "ಯಾವನವನು?"

"ಅರ್ಜೆಂಟೀನಾದವ್ರು. ಫಾಕ್‌ಲ್ಯಾಂಡ್ ಅಂತ ದ್ವೀಪ."

"ಅವರಿಗೆ ಅಷ್ಟು ಧೈರ್ಯವಾ?" ಎಂದ ಚೌಡಯ್ಯನವರು ಬೆಂಚಿನ ಮೇಲಿದ್ದ ಸ್ಟವ್ವನ್ನು ಪಕ್ಕಕ್ಕೆ ಸರಿಸಿ ಕೂತುಬಿಟ್ಟರು. ದೀಪ ಹಚ್ಚುವವರೆಗೆ ಏಳಲಿಲ್ಲ.

ಮರುದಿನ ಅವರು ಜಾವಳಿಯ ಶಾಂತವೀರಪ್ಪನವರನ್ನು ಕರೆತಂದರು. ಕರೆತಂದದ್ದು ಸ್ನೇಹಕ್ಕಲ್ಲ, ಜಗಳಕ್ಕೆ ಜನ ಬೇಕಿತ್ತು. ಶಾಂತವೀರಪ್ಪನವರದು ಹೊಳೆದಂಡೆಯಲ್ಲಿ ಸಣ್ಣ ಕಾಫಿ ತೋಟ. ಪ್ರೈಮರಿ ಶಾಲೆಯಿಂದಲೂ ಚೌಡಯ್ಯನವರು ಯಾವ ಕಡೆಯೋ ಅದರ ಎದುರು ಕಡೆ ಅವರು. ಆದ್ದರಿಂದ ಪೂರ್ತಿ ಕೇಳುವ ಮೊದಲೇ ಅರ್ಜೆಂಟೀನಾದ ಪಕ್ಷ ಸೇರಿದರು.

"ಪಕ್ಕದಲ್ಲೇ ಕಾಫಿ ಬೆಳೆಯೋ ಬ್ರೆಜಿಲ್ ಇದೆ ಮಾರಾಯ. ಬೆಂಕಿ ಆ ಕಡೆಗೂ ಸ್ವಲ್ಪ ದಾಟಿದ್ರೆ ನಮ್ಮ ಕಾಫಿ ಕೇಳೋರು ಬರ್ತಾರೆ."

"ನಿನ್ನ ನಾಲ್ಕು ಮೂಟೆ ಪಾರ್ಚ್‌ಮೆಂಟ್ ಕಾಫಿಗೆ ಜಗತ್ತಿನ ಜನ ಸಾಯ್ಬೇಕೇನೋ?"

"ನಿಮ್ಮ ದೊರೆ ಹ್ಯಾಟಿಗೆ ಸಾಯ್ಬಹುದು, ನನ್ನ ಕಾಫಿಗೆ ಸಾಯ್ಬಾರ್ದಾ?"

ಎದುರಿನ ಹೋಟೆಲಿನ ತುಂಗಮ್ಮ ಟೀ ತಂದವಳು ತಟ್ಟೆ ಹಿಡಿದುಕೊಂಡೇ ನಿಂತು ಕೇಳಿದಳು: "ಅಲ್ಲ, ಆ ದ್ವೀಪದಲ್ಲಿ ಇರೋದು ಯಾರು?"

"ಜನ ಕಡಿಮೆ. ಕುರಿಗಳೇ ಜಾಸ್ತಿಯಂತೆ," ಎಂದರು ಸಾಬರು.

"ಕುರಿಗಳು ಯಾರ ಕಡೆ?"

ಚೌಡಯ್ಯನವರೂ ಶಾಂತವೀರಪ್ಪನವರೂ ಒಟ್ಟಿಗೇ ಟೀ ಲೋಟಕ್ಕೆ ಕೈ ಚಾಚಿದರು.

ಹೀಗೆ ಕೊಟ್ಟಿಗೆಹಾರದ ವಿದೇಶಾಂಗ ಇಲಾಖೆ ಶುರುವಾಯಿತು. ಒಂದು ಬೆಂಚು ಸಾಲದೆ ಸಾಬರು ಹಳೇ ಪೆಟ್ಟಿಗೆ ಹಲಗೆಯಿಂದ ಇನ್ನೊಂದು ಬೆಂಚು ಹೊಡೆದರು. ಪೋಸ್ಟ್ ಆಫೀಸಿನ ನಾಗೇಶ ಬಾಗಿಲು ಹಾಕಿಕೊಂಡು ನೇರ ಇಲ್ಲಿಗೇ ಬರುತ್ತಿದ್ದ. ಬಿಚ್ಚಿದ ಕಪ್ಪು ಕೊಡೆಬಟ್ಟೆ ನೆಲದ ಮೇಲೆ ಹಾಸಿ ಸಮುದ್ರವಾಯಿತು. ಸ್ಟವ್ವಿನ ಬರ್ನರುಗಳು ಇಂಗ್ಲಿಷರ ಹಡಗುಗಳು, ಟಾರ್ಚಿನ ಮುಚ್ಚಳಗಳು ಅರ್ಜೆಂಟೀನಾದವು. ಯಾರೋ ರಿಪೇರಿಗೆ ಕೊಟ್ಟಿದ್ದ ಟಾರ್ಚು ಮೇ ತಿಂಗಳಲ್ಲಿ ಯುದ್ಧಕ್ಕೆ ಹೋದದ್ದು ವಾಪಸಾಗಲೇ ಇಲ್ಲ.

ಅದೇ ಮೇ ತಿಂಗಳ ಒಂದು ದಿನ ರೇಡಿಯೊದ ಬ್ಯಾಟರಿ ಸತ್ತಿತ್ತು. ಸಂಜೆ ಎಲ್ಲರೂ ಬಂದು ಕೂತರು. ಸಾಬರು ನಿಜ ಹೇಳಿದರು: "ಇವತ್ತು ಸುದ್ದಿ ಸಿಗ್ಲಿಲ್ಲ. ಇನ್ನೇನು ಸಮಾಚಾರ? ಮನೇಲೆಲ್ಲ ಚೆನ್ನಾಗಿದಾರಾ?"

"ಚೆನ್ನಾಗಿದಾರೆ," ಎಂದರು ಚೌಡಯ್ಯನವರು, ಎದ್ದರು. ಶಾಂತವೀರಪ್ಪನವರೂ ಎದ್ದರು. ತುಂಗಮ್ಮ ಟೀ ತಟ್ಟೆಯನ್ನು ರಸ್ತೆಯ ನಡುವಿನಿಂದಲೇ ವಾಪಸು ತಿರುಗಿಸಿದಳು. ಎರಡು ಬೆಂಚು ಖಾಲಿಯಾಗಲು ಒಂದು ಬೀಡಿ ಹಚ್ಚುವಷ್ಟೂ ಹೊತ್ತು ಹಿಡಿಯಲಿಲ್ಲ. ಮರುದಿನ ಸಾಬರು ಮೊದಲ ಬಸ್ಸಿಗೇ ಮೂಡಿಗೆರೆಗೆ ಹೋಗಿ ಸಂಚಿ ತುಂಬ ಬ್ಯಾಟರಿ ತಂದಿಟ್ಟುಕೊಂಡರು.

ಜೂನ್‌ನಲ್ಲಿ ಮಳೆ ಹಿಡಿಯಿತು. ಕರೆಂಟು ಹೋಯಿತು. ಘಾಟಿಯಲ್ಲಿ ಗುಡ್ಡ ಜರಿದು, ಮಂಗಳೂರು ಕಡೆಯಿಂದ ತುಂಗಮ್ಮನ ಹೋಟೆಲಿಗೆ ಬರುತ್ತಿದ್ದ ಒಂದೇ ಒಂದು ಪೇಪರೂ ನಿಂತಿತು. ಅಂಥ ಒಂದು ಬೆಳಿಗ್ಗೆ ಲಂಡನ್ನಿನವರು ಯುದ್ಧ ಮುಗಿಯಿತು, ಬಿಳಿ ಬಾವುಟ ಏರಿತು ಎಂದರು. ದುರದೃಷ್ಟಕ್ಕೆ ಅವತ್ತಿನ ಉರ್ದು ಸಾಬರಿಗೆ ಪೂರ್ತಿ ಅರ್ಥವಾಯಿತು.

ಸಂಜೆ ಬೆಂಚುಗಳು ಎಂದಿಗಿಂತ ತುಂಬಿದ್ದವು. ಮಳೆಯಲ್ಲಿ ಬೇರೆ ಎಲ್ಲಿಗೆ ಹೋಗುವುದು? ಒದ್ದೆ ಕಂಬಳಿಗಳಿಂದ ಹಬೆ ಏಳುತ್ತಿತ್ತು. ಚೌಡಯ್ಯನವರು ಹ್ಯಾಟಿನ ನೀರು ಕೊಡವಿ, ಕಾಲ ಮೇಲೆ ಕಾಲು ಹಾಕಿ ಕೇಳಿದರು: "ಹೂಂ, ಎಲ್ಲಿಗೆ ಬಂತು ಸಾಬ್ರೇ?"

ಸಾಬರು ಕೊಡೆ ಸಮುದ್ರವನ್ನು ನೋಡಿದರು, ಬೆಂಚುಗಳನ್ನು ನೋಡಿದರು, ತಟ್ಟೆ ಹಿಡಿದು ರಸ್ತೆ ದಾಟುತ್ತಿದ್ದ ತುಂಗಮ್ಮನನ್ನು ನೋಡಿದರು.

"ನಡೀತಾ ಇದೆ," ಎಂದರು.

ಜಗತ್ತಿನಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಯಾರೂ ಯುದ್ಧ ಸಾರಿರಲಿಕ್ಕಿಲ್ಲ.

ಸಾಬರಿಗೂ ಮನಸ್ಸಾಕ್ಷಿ ಇತ್ತು. ಸುಳ್ಳು ಯುದ್ಧದ ಬದಲು ನಿಜವಾದದ್ದನ್ನೇ ಕೊಡೋಣ ಎಂದು ಒಂದು ಸಂಜೆ ಬೈರೂತಿನ ಸುದ್ದಿ ತೆಗೆದರು. ಅಲ್ಲಿ ಮುತ್ತಿಗೆ ಹಾಕಿದ್ದಾರೆ, ಮನೆಗಳಿಗೆ ನೀರಿಲ್ಲ, ಆಸ್ಪತ್ರೆಗೂ ಕರೆಂಟಿಲ್ಲ ಎಂದರು.

"ಕರೆಂಟು ನಮಗೂ ಇಲ್ಲ," ಎಂದರು ಶಾಂತವೀರಪ್ಪನವರು.

"ಅದರಲ್ಲಿ ನಮ್ಮೋರು ಯಾರಿದಾರೆ?" ಎಂದರು ಚೌಡಯ್ಯನವರು.

ಇರಾನ್ ಇರಾಕಿನ ಯುದ್ಧವನ್ನೂ ಸಾಬರು ಮುಂದಿಟ್ಟು ನೋಡಿದರು. ಅದು ಎರಡು ವರ್ಷದ ಹಳೇ ಸರಕು ಎಂದು ಸಭೆ ತಳ್ಳಿಹಾಕಿತು. ಜಗತ್ತಿನಲ್ಲಿ ನಿಜವಾಗಿ ಸಾಯುತ್ತಿದ್ದವರು ಹೀಗೆ ಕೊಟ್ಟಿಗೆಹಾರದಲ್ಲಿ ಒಂದು ಟೀಯ ಹೊತ್ತೂ ನಿಲ್ಲದೆ ಹೋದರು. ಮುಗಿದ ಯುದ್ಧ ಮಾತ್ರ ದಿನೇ ದಿನೇ ಕಳೆಗಟ್ಟಿತು.

ಫಾಕ್‌ಲ್ಯಾಂಡಿನಲ್ಲಿ ಈಗ ಘಾಟಿ ಹುಟ್ಟಿತು, ಚಾರ್ಮಾಡಿಯಷ್ಟೇ ತಿರುವುಗಳ ಘಾಟಿ. ಎರಡೂ ಸೈನ್ಯಕ್ಕೆ ಜಿಗಣೆ ಹತ್ತಿತು. "ಉಪ್ಪು ಇಟ್ಕೊಂಡಿರ್ಲಿಲ್ವಾ?" ಎಂದು ತುಂಗಮ್ಮ ಕನಿಕರಿಸಿದಳು. ಅರ್ಜೆಂಟೀನಾಕ್ಕೆ ಒಬ್ಬ ಸೇನಾಪತಿ ಬಂದ. ಆತನಿಗೆ ಸಾಬರ ಸತ್ತ ಮಾವನ ಸ್ವಭಾವ. ಎಲೆಯಡಿಕೆ ಮುಗಿಯದೆ ಏನು ಮಾಡಿದರೂ ಯುದ್ಧಕ್ಕೆ ಏಳುತ್ತಿರಲಿಲ್ಲ. "ಗಂಡು ಅಂದ್ರೆ ಅವನು!" ಎಂದರು ಶಾಂತವೀರಪ್ಪನವರು. ಎರಡೂ ದೇಶಗಳು ಕಟ್ಟಿದ್ದಕ್ಕಿಂತ ಹೆಚ್ಚು ಹಡಗುಗಳು ಆಗಲೇ ಮುಳುಗಿಹೋಗಿದ್ದವು.

ಜುಲೈ ಮೊದಲಲ್ಲಿ ನಾಗೇಶ ಬಂದವನೇ ಹೇಳಿದ: "ಅಲ್ಲ ಸಾಬ್ರೇ, ಎಸ್ಟೇಟಿನ ಡ್ರೈವರ್ ಹೇಳ್ತಿದ್ದ, ಆಕಾಶವಾಣಿಯಲ್ಲಿ ಯುದ್ಧ ಮುಗೀತು ಅಂದು ಬಹಳ ದಿನ ಆಯ್ತಂತೆ."

ಸಾಬರ ಕೈಯ ಇಕ್ಕಳ ಕೆಳಗೆ ಬಿತ್ತು. ಸತ್ಯ ಇಷ್ಟು ಹತ್ತಿರ ಬಂದಿರುವಾಗ ಕೈಹಿಡಿದು ಒಳಗೆ ಕರೆಯುವುದೇ ಲೇಸೆಂದು ಅವರು, "ಇರಬಹುದು. ಆಕಾಶವಾಣಿ ಹೇಳಿದ್ರೆ ಇರಬಹುದು," ಎಂದರು.

ಚೌಡಯ್ಯನವರು ಎದ್ದೇ ನಿಂತರು. "ಎಂತ ಇರಬಹುದು? ಎಮರ್ಜೆನ್ಸಿಯಲ್ಲಿ ಜನರನ್ನ ಹಿಡಿದು ಹಿಡಿದು ಜೈಲಿಗೆ ಹಾಕ್ದಾಗ ಈ ಸರ್ಕಾರಿ ರೇಡಿಯೊ ಎಂತ ಹೇಳ್ತಿತ್ತು? ರೈಲು ಟೈಮಿಗೆ ಸರಿಯಾಗಿ ಬರ್ತಿದೆ ಅಂತ! ನಮ್ಮಲ್ಲಿ ರೈಲೇ ಇಲ್ಲ!"

"ಆವಾಗ ನಿಜ ಹೇಳಿದ್ದು ಲಂಡನ್ನಿನವ್ರೇ," ಎಂದರು ಶಾಂತವೀರಪ್ಪನವರು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಪ್ರೈಮರಿ ಶಾಲೆ ಬಿಟ್ಟ ಮೇಲೆ ಅದೇ ಮೊದಲು.

"ಆದ್ರೂ ಒಂದು ವೇಳೆ..." ಎಂದರು ಸಾಬರು.

"ನೀವು ಸುಮ್ನಿರಿ ಸಾಬ್ರೇ! ನಿಮಗೆ ಯುದ್ಧದ ವಿಷಯ ಎಂತ ಗೊತ್ತು?"

ಸಾಬರು ಬಿದ್ದ ಇಕ್ಕಳ ಎತ್ತಿಕೊಂಡರು. ಯುದ್ಧ ಮುಂದುವರಿಯಿತು.

ಆದರೆ ಹೇಳುವುದಕ್ಕೂ ಒಂದು ದಣಿವಿದೆ. ಒಂದು ಸಂಜೆ ಸಾಬರು ಮುಳುಗಿಸಲು ಹಡಗು ಸಿಗದೆ ಒದ್ದಾಡುತ್ತಿರುವಾಗ ತುಂಗಮ್ಮ, "ದೊಡ್ಡೋರ ಸುದ್ದಿ ಸಾಕು. ಅಲ್ಲಿ ನಮ್ಮ ಹಾಗೆ ಮಾಮೂಲಿ ಮನುಷ್ಯ ಒಬ್ಬನೂ ಇಲ್ವಾ?" ಎಂದಳು.

ಸಾಬರು ಸ್ಟವ್ವಿನ ಪಿನ್ನು ಉಜ್ಜುತ್ತಾ ತಲೆ ಎತ್ತದೆ ಹೇಳಿದರು: "ಒಬ್ಬ ಇದಾನೆ."

"ಯಾರು?"

"ಸಿಪಾಯಿ. ಪಕ್ಕದ ಒಂದು ಸಣ್ಣ ದ್ವೀಪದಲ್ಲಿ ಬಿಟ್ಟು ಹೋಗಿದಾರೆ. ಇವನು ಸತ್ತ ಅಂತ ಇವನ ಕಡೆಯವರ ಲೆಕ್ಕ. ಎದುರು ಕಡೆಯವರು ಇವನನ್ನ ಕುರಿ ಕಾಯೋನು ಅಂದ್ಕೊಂಡಿದಾರೆ. ಯಾರೂ ಕೇಳೋರಿಲ್ಲ. ಒಂದು ತಗಡಿನ ಶೆಡ್ಡಿನಲ್ಲಿ ಇದಾನೆ."

"ಊಟ?"

"ಒಂದು ಸ್ಟವ್ ಇದೆ. ಬೆಳಿಗ್ಗೆ ಗಂಜಿ ಮಾಡ್ತಾನೆ. ಸಂಜೆಗೂ ಅದನ್ನೇ ತಣ್ಣಗೆ ಕುಡೀತಾನೆ. ಒಬ್ಬನಿಗೋಸ್ಕರ ಎರಡು ಸಲ ಸ್ಟವ್ ಪಂಪ್ ಮಾಡೋಕೆ ಬೇಜಾರು." ಸಾಬರ ಮಾತು ತಡೆಯಿಲ್ಲದೆ ಹರಿಯುತ್ತಿತ್ತು, ಲಂಡನ್ನಿನ ಸಹಾಯ ಬೇಕೇ ಆಗಲಿಲ್ಲ. "ಅಲ್ಲಿ ಎರಡು ತಟ್ಟೆ ಇವೆ. ಉಣ್ಣೋದು ಒಂದರಲ್ಲೇ, ಆದ್ರೆ ದಿನಾ ಎರಡನ್ನೂ ತೊಳೆದು ಬೋರಲು ಹಾಕ್ತಾನೆ."

"ಯಾಕೆ?"

"ಹಾಗೇ. ಒಂದನ್ನೇ ತೊಳೆದ್ರೆ ಇನ್ನೊಂದು ನೋಡ್ತಾ ಇರುತ್ತೆ ಅಂತ."

"ಮಾತಾಡೋಕೆ?" ಎಂದರು ಶಾಂತವೀರಪ್ಪನವರು ಮೆಲ್ಲಗೆ.

"ಒಂದು ಕುರಿ ಬರುತ್ತೆ. ಅದರ ಹತ್ರ ಆಡ್ತಾನೆ."

ಹೆಸರೇನೆಂದು ತುಂಗಮ್ಮ ಕೇಳಿದಾಗ ಸಾಬರಿಗೆ ಥಟ್ಟನೆ ಹೊಳೆದದ್ದು ಮೂಡಿಗೆರೆಯ ಬೇಕರಿಯವನ ಹೆಸರು. ಪೆದ್ರು ಎಂದುಬಿಟ್ಟರು.

ಅವತ್ತಿನಿಂದ ಇಂಗ್ಲಿಷರೂ ಅರ್ಜೆಂಟೀನಾದವರೂ ಬಿದ್ದುಹೋದರು. ಬಂದವರೆಲ್ಲ ಕೇಳುವುದು ಪೆದ್ರುವನ್ನೇ. ಪೆದ್ರುವಿಗೆ ನೆಗಡಿಯಾದರೆ ತುಂಗಮ್ಮ ಮೆಣಸಿನ ಕಷಾಯ ಹೇಳಿದಳು, ಅಲ್ಲಿ ಮೆಣಸು ಸಿಗುತ್ತದೋ ಇಲ್ಲವೋ ಎಂದು ಚಡಪಡಿಸಿದಳು. ಅವಳು ಅವನಿಗೆಂದು ಹಳದಿ ಉಲ್ಲನ್ನಿನ ಸ್ವೆಟರು ಹೆಣೆಯಲು ಕೂತಳು. ಅಳತೆ ಯಾರದೆಂಬ ಪ್ರಶ್ನೆ ಬಂದಾಗ, "ಸಾಬ್ರೇ, ಸ್ವಲ್ಪ ನಿಂತ್ಕೊಳ್ಳಿ, ಅವನೂ ನಿಮ್ಮ ಹಾಗೇ ಬಡಕಲು ಇರ್ಬೇಕು" ಎಂದು ಅವರ ಬೆನ್ನಿಗೆ ದಾರ ಹಿಡಿದಳು. ಅಳೆದುಕೊಂಡು ಹೋದಳು.

ಕೊನೆಗೆ ಚೌಡಯ್ಯನವರಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಸಾಬರ ಅಂಗಡಿಯಲ್ಲಿ ಸಾರ್ವಜನಿಕ ಸಭೆ ಸೇರಿಸಿದರು. ಜನ ರಸ್ತೆವರೆಗೂ ನಿಂತಿದ್ದರು. ಕೂರಲು ಜಾಗವಿಲ್ಲದೆ ಸಾಬರು ಮೂಲೆಯಲ್ಲಿ ಪ್ರೈಮಸ್ ಸ್ಟವ್ವೊಂದನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತರು.

"ಮಹಾಜನರೇ," ಎಂದರು ಚೌಡಯ್ಯನವರು ಹ್ಯಾಟು ತೆಗೆದು. "ಯಾವ ದೇಶ ಗೆಲ್ಲುತ್ತೋ ಸೋಲುತ್ತೋ, ಅದು ಬೇರೆ ಮಾತು. ಆದ್ರೆ ಒಬ್ಬ ಮನುಷ್ಯನನ್ನ ಮಾತಿಗೆ ಒಂದು ಜನ ಇಲ್ಲದ ಹಾಗೆ ಬಿಡೋದು, ಇದಕ್ಕೆ ಮಾನವ ಹಕ್ಕಿನ ಉಲ್ಲಂಘನೆ ಅಂತಾರೆ. ಅನ್ನಕ್ಕೆ ಹೇಗೆ ಹಕ್ಕಿದೆಯೋ ಮಾತಿಗೂ ಹಕ್ಕಿದೆ!"

ಚಪ್ಪಾಳೆ ಬಿತ್ತು. ತಗಡಿನ ಮೇಲೆ ಮಳೆಯೂ ಬಿತ್ತು.

"ನಮ್ಮೂರಲ್ಲಾಗಿದ್ರೆ ನಾವು ಹೀಗೆ ಬಿಡ್ತಿದ್ವಾ?" ಎಂದರು ಶಾಂತವೀರಪ್ಪನವರು ಕಣ್ಣೊರೆಸಿಕೊಂಡು.

"ಛೇ! ಎಂತ ಮಾತು!" ಎಂದರು ಎಲ್ಲರೂ.

ಟೀ ಬಂತು. ಲೋಟಗಳು ಸಾಬರ ತಲೆಯ ಮೇಲಿಂದ ಆ ಕಡೆ ಈ ಕಡೆ ದಾಟಿದವು. ಸಾಬರಿಗೆ ಒಂದು ಕೊಡಬೇಕೆನ್ನುವುದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಪೆದ್ರುವನ್ನು ಉಳಿಸಲು ವಿಶ್ವಸಂಸ್ಥೆಗೆ ತಂತಿ ಕಳಿಸಬೇಕೆಂದು ತೀರ್ಮಾನವಾಗುತ್ತಿದ್ದಂತೆ ಸಾಬರು ತೊಡೆಯ ಮೇಲಿನ ಸ್ಟವ್ವನ್ನು ಕೆಳಗಿಟ್ಟರು. "ಬೇಡ ಚೌಡಯ್ಯನವ್ರೇ," ಎಂದರು ಕೆಳಗಿನಿಂದ. "ಅವನಿಗೆ ಅಭ್ಯಾಸ ಆಗಿಹೋಗಿದೆ. ಸುಮ್ನೆ ಯಾಕೆ ತೊಂದ್ರೆ ಕೊಡೋದು?"

ಚೌಡಯ್ಯನವರು ಅವರ ಕಡೆ ಬಗ್ಗಿ ನೋಡಿದರು. "ಅಭ್ಯಾಸ ಆಗೋದಂತೆ! ಕರುಣೆ ಬೇಡ್ವಾ ಸಾಬ್ರೇ? ಒಂಟಿಯಾಗಿರೋದು ಅಂದ್ರೆ ಎಂತದು ಅಂತ ನಿಮಗೆ ಗೊತ್ತಿಲ್ಲ."

ತಂತಿಯನ್ನು ಚೌಡಯ್ಯನವರೇ ತಮ್ಮ ಎಸ್ಟೇಟ್ ಇಂಗ್ಲಿಷಿನಲ್ಲಿ ಬರೆದರು. ಮೊದಲು ಬರೆದದ್ದು ಎರಡು ಪುಟವಾಗಿತ್ತು. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು ಎಂದು ನಾಗೇಶ ನೆನಪಿಸಿದ ಮೇಲೆ ಕತ್ತರಿ ಆಡಿಸಿದರು. ನ್ಯೂಯಾರ್ಕ್ ದೂರ, ದಿಲ್ಲಿಗೆ ಕಳಿಸಿದರೆ ಅವರೇ ಮುಂದಕ್ಕೆ ದಾಟಿಸುತ್ತಾರೆ ಎಂದು ವಿಶ್ವಸಂಸ್ಥೆಯನ್ನು ಹೊಡೆದುಹಾಕಿದರು.

"ಯಾವ ದ್ವೀಪ ಅಂತ ಹಾಕ್ಬೇಡ್ವಾ?" ಎಂದ ನಾಗೇಶ.

"ಎಂತಕ್ಕೆ ಮಾರಾಯ? ಕೊಟ್ಟಿಗೆಹಾರಕ್ಕೇ ಗೊತ್ತಿರೋದು ದಿಲ್ಲಿಗೆ ಗೊತ್ತಿರಲ್ವಾ?" ಎಂದು ಅದನ್ನೂ ತೆಗೆದರು. ಉಳಿದದ್ದು ಇಷ್ಟು: "ಫಾರಿನ್ ಸೋಲ್ಜರ್ ಪೆದ್ರು ಅಲೋನ್ ಹಂಗ್ರಿ ಸೇವ್ ಇಮೀಡಿಯೆಟ್ಲಿ. ಪಬ್ಲಿಕ್, ಕೊಟ್ಟಿಗೆಹಾರ."

ತಂತಿ ಹೋಯಿತು. ದಿಲ್ಲಿಯಲ್ಲಿ ಅದನ್ನು ಓದಿದವರು ಯಾರೋ, ಏನೆಂದುಕೊಂಡರೋ. ಅದು ಅಲ್ಲಿಂದ ಬೆಂಗಳೂರಿಗಿಳಿದು, ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಬಂದು, ಪ್ರತಿ ಮೇಜಿನಲ್ಲೂ ಒಂದೊಂದು ಸಹಿ ಏರಿಸಿಕೊಂಡು, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಮೂಡಿಗೆರೆ ಠಾಣೆಯ ಪೇದೆ ಕೆಂಪಯ್ಯನ ರೂಪದಲ್ಲಿ ಕೊಟ್ಟಿಗೆಹಾರಕ್ಕೇ ವಾಪಸು ಬಂದು ಬಸ್ಸಿಳಿಯಿತು.

ಕೆಂಪಯ್ಯ ಕಡೂರು ಕಡೆಯವನು. ಇಷ್ಟು ಮಳೆಯನ್ನು ಅವನ ಇಡೀ ವಂಶ ನೋಡಿರಲಿಲ್ಲ. ಬೂಟಿನಲ್ಲಿ ಪಚಪಚ ಸದ್ದು ಮಾಡುತ್ತಾ ಸಾಬರ ಅಂಗಡಿಯಲ್ಲಿದ್ದ ಗುಂಪಿನ ಮುಂದೆ ನಿಂತು, "ಯಾರ್ರೀ ಇಲ್ಲಿ ಪಬ್ಲಿಕ್ಕು?" ಎಂದ.

ಚೌಡಯ್ಯನವರು ಮುಂದೆ ಬಂದರು. "ನಾನೇ."

"ಎಲ್ಲವ್ನೆ ಆ ಫಾರಿನ್ ಸೋಲ್ಜರು?"

ಗುಂಪಿನಲ್ಲಿ ಸಂಭ್ರಮವಾಯಿತು. "ಸರ್ಕಾರ ಅಂದ್ರೆ ಹೀಗಿರ್ಬೇಕು ನೋಡಿ!" ಎಂದರು ಶಾಂತವೀರಪ್ಪನವರು. "ಅಲ್ಲೇ ಇದಾನೆ ಸಾರ್ ಪಾಪ, ದ್ವೀಪದಲ್ಲಿ."

"ಯಾವ್ ದ್ವೀಪ? ಜಾವಳಿ ಹೊಳೆ ಮಧ್ಯದ್ದಾ?"

"ಹೊಳೆಯಲ್ಲ ಸಾರ್, ಸಮುದ್ರ."

"ಇಲ್ಲೆಲ್ರೀ ಸಮುದ್ರ? ವೀಸಾ ಐತಾ ಅವನತ್ರ? ಬಂದೂಕೈತಾ?"

"ಬಂದೂಕಿಲ್ಲ, ಸ್ಟವ್ ಇದೆ," ಎಂದಳು ತುಂಗಮ್ಮ. "ಸ್ವೆಟರು ಒಂದು ತೋಳು ಬಾಕಿ ಸಾರ್, ನೀವು ಹೋಗ್ತೀರಾದ್ರೆ ಸಂಜೆ ಒಳಗೆ ಮುಗಿಸಿ ಕೊಡ್ತೇನೆ."

ಕೆಂಪಯ್ಯನಿಗೆ ತಲೆ ಸುತ್ತಿತು. ಮೊದಲಿಂದ ಹೇಳಿ ಎಂದ. ಎಲ್ಲರೂ ಒಟ್ಟಿಗೆ ಹೇಳಿದರು. ಅವನ ಬಾಯಿ ನಿಧಾನಕ್ಕೆ ತೆರೆದುಕೊಂಡಿತು.

"ಆ ಯುದ್ಧನಾ? ಅದ್ ಮುಗ್ದು ಎರಡ್ ತಿಂಗಳಾತಲ್ರೀ! ನಮ್ ಠಾಣೆಗೆ ಬರೋ ಪೇಪರ್ನಾಗೆ ನಾನೇ ಓದಿವ್ನಿ."

"ನಾನು ಅವತ್ತೇ ಹೇಳ್ಲಿಲ್ವಾ?" ಎಂದ ನಾಗೇಶ.

"ಯಾರು ಗೆದ್ದಿದ್ದು?" ಎಂದರು ಚೌಡಯ್ಯನವರು.

"ಇಂಗ್ಲೀಷ್ನೋರು."

ಚೌಡಯ್ಯನವರ ಎದೆ ಉಬ್ಬಿತು, ಹಾಗೇ ಇಳಿಯಿತು. "ಎರಡು ತಿಂಗಳ ಹಿಂದೆ ಗೆದ್ದಿದ್ದೇವೆ. ಒಂದು ಟೀ ಕುಡೀಲಿಲ್ಲ!"

"ಹಾಗಾದ್ರೆ ಆಮೇಲೆ ನಾವು ಮುಳುಗಿಸಿದ ಹಡಗು ಯಾರದ್ದು?" ಎಂದರು ಶಾಂತವೀರಪ್ಪನವರು ದಿಕ್ಕೆಟ್ಟು.

ತುಂಗಮ್ಮ ಮಾತ್ರ ಹಡಗಿನ ವಿಚಾರ ಕೇಳಲಿಲ್ಲ. "ಪೆದ್ರು?" ಎಂದಳು. ಎಲ್ಲರ ಮುಖವೂ ಸಾಬರ ಕಡೆ ತಿರುಗಿತು.

"ಈ ಸುದ್ದಿ ತಂದೋರು ನೀವೇನ್ರೀ?" ಎಂದ ಕೆಂಪಯ್ಯ. "ಎಲ್ಲವ್ನೆ ಹೇಳಿ, ನನ್ ಕೆಲಸ ಮುಗೀಲಿ. ಸಿಕ್ಕಿದ್ರೆ ಸಿಕ್ಕಿದ ಅಂತ ಹೇಳ್ಬೇಕು, ಇಲ್ಲದಿದ್ರೆ ಇಲ್ಲ ಅಂತ ಹೇಳ್ಬೇಕು."

ಸಾಬರ ಬಾಯಿ ಒಣಗಿತ್ತು. ನೀರು ಕುಡಿದು ಬರುತ್ತೇನೆಂದು ಹೇಳಹೋಗಿ ಮಾತು ಹೊರಡದೆ, ಹಿಂದಿನ ಗೋಣಿಪರದೆಯ ಕಡೆ ಕೈ ತೋರಿಸಿದರು. ಇಲಾಖೆಯ ಮನುಷ್ಯನಿಗೆ ಅಷ್ಟು ಸಾಕಾಯಿತು. ಕೆಂಪಯ್ಯ ಲಾಠಿಯ ತುದಿಯಿಂದ ಪರದೆ ಸರಿಸಿ, "ಯಾರ್ಲೇ ಒಳಗೆ? ಬಾ ಆಚೆ!" ಎಂದು ಗದರಿದ. ಅವನ ಭುಜದ ಮೇಲಿಂದ ಎಲ್ಲರೂ ಕತ್ತು ಚಾಚಿದರು. ದಿನಾ ಸಂಜೆ ಆ ಅಂಗಡಿಯಲ್ಲಿ ಕೂತವರು ಯಾರೂ ಆ ಪರದೆಯ ಆಚೆ ಏನಿದೆಯೆಂದು ನೋಡಿದವರಲ್ಲ.

ಕೆಂಪಯ್ಯ ಕ್ರಮಬದ್ಧ ಮನುಷ್ಯ. ಈಗಷ್ಟೇ ಕೇಳಿದ್ದನ್ನು ನೆನಪಿಸಿಕೊಂಡು ಜೋರಾಗಿ ಹೇಳುತ್ತಾ ಹೋದ. "ತಗಡಿನ ಶೆಡ್ಡು. ಸರಿ. ಸ್ಟವ್ ಒಂದು. ಸರಿ." ಪಾತ್ರೆಯ ಮುಚ್ಚಳ ತೆಗೆದು ಬೆರಳಿಟ್ಟ. "ಗಂಜಿ. ತಣ್ಣಗೈತೆ." ಗೋಡೆಯ ಬುಡಕ್ಕೆ ಬಗ್ಗಿದ. "ತಟ್ಟೆ ಎರಡು. ತೊಳ್ದು ಬೋರಲು ಹಾಕೈತೆ. ಎಲ್ಲಾ ಸರಿಯಾಗೈತಲ್ರೀ! ಕುರಿ ಎಲ್ಲಿ?"

ಅಕ್ಕಿ ಚೀಲದ ಮೇಲೆ ಮಲಗಿದ್ದ ಬೆಕ್ಕೊಂದು ಕಣ್ಣು ಬಿಟ್ಟು ಇಲಾಖೆಯನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

"ಕುರಿ ಬದಲು ಬೆಕ್ಕೈತೆ," ಎಂದ ಕೆಂಪಯ್ಯ. "ಅದಿರ್ಲಿ. ಆಳೆಲ್ಲಿ?"

ತುಂಗಮ್ಮ ಆ ಎರಡು ತಟ್ಟೆಗಳನ್ನೇ ನೋಡುತ್ತಿದ್ದಳು.

"ಆಳು ನಾನೇ ಸಾರ್," ಎಂದರು ಸಾಬರು.

ಕೆಂಪಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿದ. "ನೀವು ಫಾರಿನ್ನೋರಾ?"

"ಇಲ್ಲ ಸಾರ್, ಹುಟ್ಟಿದ್ದು ಆಲ್ದೂರು."

"ಸೋಲ್ಜರಾ?"

"ಕೊಡೆ ರಿಪೇರಿ."

"ಮತ್ತೆ? ಅಲೋನಾ?"

ಸಾಬರು ಗೋಣಿಪರದೆಯನ್ನು ಮೊದಲಿನ ಹಾಗೆ ಎಳೆದುಬಿಟ್ಟರು. ಕೆಂಪಯ್ಯ ಗಲ್ಲ ಕೆರೆದುಕೊಂಡ. ಅವನ ಸರ್ವಿಸ್ಸಿನಲ್ಲಿ ಇಂಥದ್ದು ಬಂದಿರಲಿಲ್ಲ. "ಇದಕ್ಕೆ ನಮ್ಮತ್ರ ಸೆಕ್ಷನ್ ಇಲ್ವಲ್ರೀ," ಎಂದ.

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಚೌಡಯ್ಯನವರು ಮನೆಯವರು ಕಾಯುತ್ತಿರುತ್ತಾರೆಂದು ಗೊಣಗಿಕೊಂಡು ತಮ್ಮ ಕೊಡೆ ಹುಡುಕಿದರು. ಶಾಂತವೀರಪ್ಪನವರಿಗೆ ದನ ನೆನಪಾಯಿತು. ನಾಗೇಶನಿಗೆ ಟಪಾಲು ನೆನಪಾಯಿತು. ಸಾವಿರಾರು ಮೈಲಿ ದೂರದ ಪೆದ್ರುವಿನ ಮುಖವನ್ನು ಯಾರೂ ನೋಡಬೇಕಾಗಿರಲಿಲ್ಲ. ಸಾಬರ ಮುಖ ಎರಡು ಮೊಳದ ಅಂತರದಲ್ಲಿತ್ತು. ಅದನ್ನು ನೋಡದೆ ಬಾಗಿಲು ಸೇರುವುದು ಅಷ್ಟು ಸಣ್ಣ ಅಂಗಡಿಯಲ್ಲಿ ಸುಲಭದ ಕೆಲಸವಲ್ಲ. ಗಡಿಬಿಡಿಯಲ್ಲಿ ಚೌಡಯ್ಯನವರು ತೆಗೆದುಕೊಂಡದ್ದು ಇನ್ನೂ ಬಟ್ಟೆ ಹಾಕದ ಕೊಡೆ. ಅದನ್ನು ರಸ್ತೆಯಲ್ಲಿ ಬಿಡಿಸಿದ ಮೇಲೆ ಗೊತ್ತಾಯಿತು. ಆದರೂ ಹಿಂದಿರುಗಿ ಬರಲಿಲ್ಲ. ಬರೀ ಕಡ್ಡಿಗಳನ್ನು ತಲೆಯ ಮೇಲೆ ನೆಟ್ಟಗೆ ಹಿಡಿದುಕೊಂಡು, ಪೂರ್ತಿ ತೊಯ್ಯುತ್ತಾ, ಗಂಭೀರವಾಗಿ ನಡೆದುಹೋದರು.

ತುಂಗಮ್ಮ ಲೋಟಗಳನ್ನು ಬಳಿದು ತಟ್ಟೆಗಿಟ್ಟುಕೊಂಡಳು. ಬಾಗಿಲಲ್ಲಿ ನಿಂತಳು. ಏನೋ ಹೇಳಬೇಕೆಂದು ಬಾಯಿ ತೆರೆದವಳಿಗೆ ಬಂದದ್ದು, "ಒಲೆ ಮೇಲೆ ಹಾಲಿಟ್ಟಿದ್ದೆ" ಎನ್ನುವ ಮಾತು. ರಸ್ತೆ ದಾಟಿ ಹೋದಳು.

ಉಳಿದವನು ಕೆಂಪಯ್ಯ. ಅವನಿಗೆ ಹೋಗಲು ಜಾಗವಿರಲಿಲ್ಲ, ಬಸ್ಸು ಬರಬೇಕಿತ್ತು. ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿ, ನೀರು ಸುರಿದು, ಕಾಲ್ಬೆರಳ ಸಂದಿಯಿಂದ ಜಿಗಣೆ ಕಿತ್ತ.

"ಮೂಡಿಗೆರೆ ಬಸ್ಸು ಎಷ್ಟೊತ್ಗೆ?"

"ಕಳಸದಿಂದ ಬರ್ಬೇಕು ಸಾರ್. ಬಂದಾಗ ಬರುತ್ತೆ."

"ಬಂದ್ರೆ ಹೇಳಿ. ಇದೇ ಲಾಸ್ಟು. ತಪ್ಪಿದ್ರೆ ನಾಳೆನೇ." ಅವನು ಗೋಡೆಗೆ ಒರಗಿದ. ಅವನಿಗೂ ಈ ಸೀಮೆಯಲ್ಲಿ ಮಾತಿಗೆ ಜನ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. "ಅಲ್ರೀ, ಎರಡ್ ತಿಂಗಳು ಅದೇನ್ ಯುದ್ಧ ಮಾಡ್ಸಿದ್ರಿ? ಶುರು ಹೆಂಗಾತು? ಪೇಪರ್ನಾಗೆ ಕೊನೇದಷ್ಟೇ ಓದಿದ್ದು ನಾನು."

ಸಾಬರು ಎದುರಿನ ಬೆಂಚಿನ ತುದಿಗೆ ಕೂತರು. ಗಂಟಲು ಸರಿಮಾಡಿಕೊಂಡರು. ಈ ಸಲ ಮಾವನನ್ನೂ ಜಿಗಣೆಗಳನ್ನೂ ಬಿಟ್ಟು, ಲಂಡನ್ನಿನವರು ಹೇಳಿದ್ದಷ್ಟನ್ನೇ ಹೇಳತೊಡಗಿದರು. ಏಪ್ರಿಲ್‌ನಲ್ಲಿ ಅರ್ಜೆಂಟೀನಾದವರು ಇಳಿದದ್ದು. ಇಂಗ್ಲಿಷರ ಹಡಗುಗಳು ಬಂದರು ಬಿಟ್ಟದ್ದು. ವಾರಗಟ್ಟಲೆ ಬರೀ ನೀರು. ಹಡಗುಗಳು ಸಮುದ್ರದ ನಡುವಿಗೆ ಬರುವಷ್ಟರಲ್ಲಿ ಕೆಂಪಯ್ಯನ ಗಲ್ಲ ಎದೆಗೆ ತಾಗಿತ್ತು, ಗೊರಕೆ ಶುರುವಾಗಿತ್ತು. ಸಾಬರು ಮಾತು ನಿಲ್ಲಿಸಿದರು. ಮಾತು ನಿಂತದ್ದೇ ಗೊರಕೆ ತಡೆಯಿತು, ಕೆಂಪಯ್ಯ ಮಿಸುಕಿದ. ಸಾಬರು ಗಾಬರಿಯಿಂದ ಮತ್ತೆ ಶುರುಮಾಡಿದರು. ಗೊರಕೆ ದಾರಿಗೆ ಬಂತು.

ಮಳೆಯೊಳಗಿಂದ ಎರಡು ಮಸುಕು ದೀಪಗಳು ತಿರುವು ಇಳಿದು ಬಂದವು. ಬಸ್ಸು ನಿಂತಿತು. ಹಾರನ್ನು ಹೊಡೆಯಿತು. ಕಂಡಕ್ಟರ್ ತಲೆ ಹೊರಗೆ ಹಾಕಿ, "ಮೂಡಿಗೆರೆ, ಮೂಡಿಗೆರೆ! ಯಾರ್ರೀ ಮೂಡಿಗೆರೆ?" ಎಂದು ಕೂಗಿದ.

ಸಾಬರು ಬಸ್ಸನ್ನು ನೋಡಿದರು. ಬೆಂಚಿನ ಕೆಳಗೆ ಬಾಯಿ ಬಿಟ್ಟುಕೊಂಡಿದ್ದ ಬೂಟುಗಳನ್ನು ನೋಡಿದರು. ಹಡಗುಗಳು ಇನ್ನೂ ನಡುನೀರಿನಲ್ಲಿದ್ದವು. ಅವರು ದನಿಯನ್ನು ಸ್ವಲ್ಪ ತಗ್ಗಿಸಿ, ಅವು ಆದಷ್ಟು ನಿಧಾನವಾಗಿ ಸಾಗುವಂತೆ ನೋಡಿಕೊಂಡರು.